ಮೇಲಿನ ಟೀಮಲ್ಲಿ ಬೆಂಚೋ, ಕೆಳಗಿನ ಟೀಮಲ್ಲಿ ಆಟವೋ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಭಾನುವಾರ ಬೆಳಿಗ್ಗೆ ಒಂದು ರೌಂಡ್ ಹಾಕಿ ನೋಡಿ. ತಮಗಿಂತ ದೊಡ್ಡ ಕಿಟ್ ಬ್ಯಾಗ್ ಎಳೆದುಕೊಂಡು ಹೋಗುವ ಹುಡುಗರು, ಹಿಂದೆ ನೀರಿನ ಬಾಟಲಿ ಹಿಡಿದ ಅಪ್ಪಂದಿರು ಕಾಣ್ತಾರೆ. ಸೋಮವಾರ ಆಫೀಸಿನ ಕ್ಯಾಂಟೀನಿನಲ್ಲಿ ಅದೇ ಅಪ್ಪಂದಿರ ತಲೆಬಿಸಿ: "ನಮ್ಮೋನಿಗೆ ಇನ್ನೂ ಹದಿಮೂರು. ಕೋಚು ಅಂಡರ್-16 ಹುಡುಗರ ಜೊತೆ ಹಾಕ್ತೀನಿ ಅಂತಿದಾರೆ. ಒಪ್ಕೊಳ್ಳೋದಾ, ಬೇಡ್ವಾ?"

ಅಮೆರಿಕಾದ ಹೈಸ್ಕೂಲುಗಳಲ್ಲಿ ಈ ಎರಡು ಮೆಟ್ಟಿಲಿಗೆ ಹೆಸರೇ ಇದೆ. ಶಾಲೆಯ ಮುಖ್ಯ ತಂಡ ವಾರ್ಸಿಟಿ, ಅದರ ಕೆಳಗಿನದ್ದು ಜೂನಿಯರ್ ವಾರ್ಸಿಟಿ. ಸಾಫ್ಟ್‌ಬಾಲ್ ಆಡುವ ಹುಡುಗಿ ವಾರ್ಸಿಟಿಗೆ ಹೋಗಿ ಬೆಂಚಿನ ಮೇಲೆ ಕೂರೋದು ಒಳ್ಳೇದೋ, ಕೆಳಗಿದ್ದು ಎಲ್ಲಾ ಮ್ಯಾಚ್ ಆಡೋದು ಒಳ್ಳೇದೋ ಅನ್ನೋದು ಅಲ್ಲಿನ ಮನೆಗಳ ಚರ್ಚೆ. ನಮ್ಮಲ್ಲಿ ಮೆಟ್ಟಿಲುಗಳು ಇನ್ನೂ ಜಾಸ್ತಿ: ಹದಿನಾರರೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, ಹತ್ತೊಂಬತ್ತರೊಳಗಿನವರಿಗೆ ಕೂಚ್ ಬೆಹಾರ್, ಆಮೇಲೆ ರಣಜಿ. ಹಾಗಾದ್ರೆ ನಮ್ಮ ರಾಜ್ಯದ ದೊಡ್ಡ ಆಟಗಾರರು ಈ ಮೆಟ್ಟಿಲು ಹತ್ತಿದ್ದು ಹೇಗೆ ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಬನ್ನಿ.

ಮೊದಲು ಭದ್ರಾವತಿಯ ಜಿ. ಆರ್. ವಿಶ್ವನಾಥ್. 1967ರಲ್ಲಿ, ನಮ್ಮ ತಂಡದ ಹೆಸರು ಇನ್ನೂ ಮೈಸೂರು ಅಂತಲೇ ಇದ್ದಾಗ, ಹದಿನೆಂಟರ ಈ ಹುಡುಗ ಆಂಧ್ರದ ವಿರುದ್ಧ ಮೊದಲ ರಣಜಿ ಪಂದ್ಯಕ್ಕೆ ಇಳಿದು ಹೊಡೆದದ್ದು 230! ಎರಡು ವರ್ಷದ ನಂತರ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. "ಬೇಗ ಮೇಲಕ್ಕೆ ಹಾಕಿ" ಅನ್ನುವ ಅಪ್ಪಂದಿರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಆದ್ರೆ ಒಂದು ವಿಷಯ ಗಮನಿಸಿ. ವಿಶಿ ಮೇಲಿನ ತಂಡಕ್ಕೆ ಹೋದದ್ದು ಕೂರೋದಕ್ಕಲ್ಲ, ಆಡೋದಕ್ಕೆ. ಸೊನ್ನೆಗೆ ಔಟಾದ ಮೇಲೂ ಅದೇ ಪಂದ್ಯದಲ್ಲಿ ಇನ್ನೊಂದು ಅವಕಾಶ ಸಿಕ್ಕಿತ್ತು.

ಇನ್ನು ಇ. ಎ. ಎಸ್. ಪ್ರಸನ್ನ ಅವರದ್ದು ನಮ್ಮಂಥ ಇಂಜಿನಿಯರುಗಳು ಓದಲೇಬೇಕಾದ ಕಥೆ. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್, ಆ ವರ್ಷವೇ ವೆಸ್ಟ್ ಇಂಡೀಸ್ ಪ್ರವಾಸ. ವಾಪಸ್ ಬಂದವರು ಇಂಜಿನಿಯರಿಂಗ್ ಡಿಗ್ರಿ ಮುಗಿಸಲು ಮೈಸೂರಿನ ಎನ್.ಐ.ಇ. ಕಾಲೇಜಿಗೆ ಹೋದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ! ಐದು ವರ್ಷ ಟೆಸ್ಟ್ ಇಲ್ಲ ಅಂದ್ರೆ ಇವತ್ತಿನ ಲೆಕ್ಕದಲ್ಲಿ ಕೆರಿಯರ್ರೇ ಮುಗೀತು. ಅವರು ಬಂದು 20 ಟೆಸ್ಟಿನಲ್ಲಿ 100 ವಿಕೆಟ್ ಮುಟ್ಟಿದರು. ಭಾರತೀಯರಲ್ಲಿ ಆ ದಾಖಲೆ ಮುರಿಯೋಕೆ 2013ರಲ್ಲಿ ಅಶ್ವಿನ್ ಬರಬೇಕಾಯ್ತು. 1973-74ರಲ್ಲಿ ಬಾಂಬೆಯ ಹದಿನೈದು ವರ್ಷಗಳ ಓಟ ನಿಲ್ಲಿಸಿ ನಮಗೆ ಮೊದಲ ರಣಜಿ ಟ್ರೋಫಿ ತಂದ ನಾಯಕನೂ ಅವರೇ.

ನನಗೆ ತುಂಬಾ ಇಷ್ಟವಾಗೋದು ಮಾತ್ರ ಅನಿಲ್ ಕುಂಬ್ಳೆ ಹತ್ತಿದ ರೀತಿ. 1989ರ ನವೆಂಬರಿನಲ್ಲಿ ಹೈದರಾಬಾದ್ ವಿರುದ್ಧ ರಣಜಿಗೆ ಬಂದರು. ನಾಲ್ಕು ವಿಕೆಟ್ ಏನೋ ಸಿಕ್ಕಿತು, ಬ್ಯಾಟಿಂಗಿನಲ್ಲಿ ಎರಡೂ ಇನ್ನಿಂಗ್ಸ್ ಸೊನ್ನೆ :) ಅದಾದ ಮೇಲೆ ಆಡಿದ್ದು ಭಾರತದ ಅಂಡರ್-19 ತಂಡಕ್ಕೆ! ಹಿರಿಯರ ಮಧ್ಯೆ ಸೊನ್ನೆ ಸುತ್ತಿದ ಅದೇ ಹುಡುಗ ಪಾಕಿಸ್ತಾನದ ಕಿರಿಯರ ವಿರುದ್ಧ 113 ಹೊಡೆದ. ಅಂದ್ರೆ ಒಮ್ಮೆ ಮೇಲೆ ಹೋದವನು ಕೆಳಗೆ ಬಂದು ಆಡೋದು ಅವಮಾನ ಆಗಿರಲಿಲ್ಲ. 1990ರಲ್ಲಿ ಶಾರ್ಜಾ, ಆಮೇಲೆ ಮ್ಯಾಂಚೆಸ್ಟರ್ ಟೆಸ್ಟ್. ನಂತರ ಎರಡು ವರ್ಷ ಟೆಸ್ಟ್ ತಂಡದಿಂದ ಹೊರಗೆ. ಆ ಮಧ್ಯೆ ಆರ್.ವಿ. ಕಾಲೇಜಿನ ಮೆಕ್ಯಾನಿಕಲ್ ಇಂಜಿನಿಯರಿಂಗೂ ಮುಗೀತು. ಇರಾನಿ ಟ್ರೋಫಿಯಲ್ಲಿ 13 ವಿಕೆಟ್ ಕಿತ್ತು 1992ರಲ್ಲಿ ತಿರುಗಿ ಬಂದವರು ನಿಲ್ಲಿಸಿದ್ದು 619 ಟೆಸ್ಟ್ ವಿಕೆಟ್ ಆದಮೇಲೆ.

ರಾಹುಲ್ ದ್ರಾವಿಡ್ ಅವರದ್ದು ಒಂದೊಂದೇ ಮೆಟ್ಟಿಲು. ಹದಿನೈದು, ಹದಿನೇಳು, ಹತ್ತೊಂಬತ್ತರೊಳಗಿನ ರಾಜ್ಯ ತಂಡಗಳಲ್ಲಿ ಆಡಿ, 1991ರಲ್ಲಿ ಪುಣೆಯಲ್ಲಿ ಮೊದಲ ರಣಜಿ, 82 ರನ್. ಲಾರ್ಡ್ಸ್‌ನ 95 ಬಂದದ್ದು 1996ರಲ್ಲಿ. ಐದು ವರ್ಷ ಕಾದು ಪಳಗಿದ ಮನುಷ್ಯ. ಅಂಡರ್-19 ಕೋಚ್ ಆದಮೇಲೆ, 2015ರ ಡಿಸೆಂಬರಿನ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ, ವಯಸ್ಸು ಕಡಿಮೆ ತೋರಿಸಿ ಕಿರಿಯರ ತಂಡಕ್ಕೆ ಬರುವವರ ಬಗ್ಗೆ ಖಾರವಾಗಿಯೇ ಮಾತಾಡಿದರು. 2016ರಲ್ಲಿ ಬಿಸಿಸಿಐ ಒಬ್ಬ ಹುಡುಗನಿಗೆ ಒಂದೇ ಅಂಡರ್-19 ವಿಶ್ವಕಪ್ ಅಂತ ನಿಯಮ ಮಾಡಿತು. ಸರ್ಫರಾಜ್ ಖಾನ್ 2014, 2016 ಎರಡೂ ಆಡಿದ್ದರು. ಇನ್ಮುಂದೆ ಹಾಗಿಲ್ಲ. ಕೆಳಗೇ ಕೂತು ರನ್ ಗುಡ್ಡೆ ಹಾಕಬೇಡ, ದೊಡ್ಡವರ ಜೊತೆ ಆಡು ಅನ್ನೋದು ಅದರ ತಾತ್ಪರ್ಯ. ಎರಡು ವರ್ಷದಲ್ಲೇ, 2018ರಲ್ಲಿ, ಅವರ ಹುಡುಗರು ಕಪ್ ಗೆದ್ದರು.

ಈ ನಾಲ್ವರಲ್ಲಿ ಒಬ್ಬ ನೇರ ಮೇಲಕ್ಕೆ ಹೋದ, ಒಬ್ಬ ಇಳಿದು ಓದಿ ಬಂದ, ಒಬ್ಬ ಮೇಲೆ ಕೆಳಗೆ ಓಡಾಡಿದ, ಇನ್ನೊಬ್ಬ ಸಾಲಾಗಿ ಹತ್ತಿದ. ದಾರಿ ಬೇರೆ ಬೇರೆ. ಆದ್ರೆ ಹೋದ ಕಡೆಯೆಲ್ಲ ಆಡೋಕೆ ಸಿಕ್ಕಿತು, ಮತ್ತೆ ವಾಪಸ್ ಬರೋ ಬಾಗಿಲು ಮುಚ್ಚಿರಲಿಲ್ಲ. ಸ್ಪಿನ್ನರ್ ಹುಡುಗನಿಗೆ ಮೇಲಿನ ಟೀಮಲ್ಲಿ ಮ್ಯಾಚಿಗೆ ಎರಡೇ ಓವರ್ ಸಿಕ್ಕಿದ್ರೆ ಕಲಿಯೋದು ಹೇಗೆ? ಅದೇ ಹುಡುಗ ಕೆಳಗೆ ದಿನಾ ಸುಲಭವಾಗಿ ಐದು ವಿಕೆಟ್ ತಗೋತಿದ್ರೆ ಅಲ್ಲೂ ಕಲಿಯೋದು ಏನಿಲ್ಲ. ಹಾಗಾಗಿ ಕ್ಯಾಂಟೀನಿನ ಅಪ್ಪಂದಿರಿಗೆ ನಾನು ಹೇಳೋದು ಇಷ್ಟು: ಕೋಚನ್ನ "ಯಾವ ಟೀಮು" ಅಂತ ಕೇಳೋ ಮೊದಲು "ಎಷ್ಟು ಓವರ್ ಸಿಗುತ್ತೆ, ಆಗದಿದ್ರೆ ವಾಪಸ್ ತಗೋತೀರಾ" ಅಂತ ಕೇಳಿ. ಸ್ಕೂಲ್ ಬಿಡಿಸೋ ಮಾತು ಬಂದ್ರೆ ಪ್ರಸನ್ನ, ಕುಂಬ್ಳೆ ಇಬ್ಬರ ಡಿಗ್ರಿನೂ ನೆನಪಿಸಿಕೊಳ್ಳಿ.

ನಿಮ್ಮ ಕಡೆ ಹುಡುಗರನ್ನ ಹೇಗೆ ಹತ್ತಿಸ್ತಾರೆ? ಕಬಡ್ಡಿ, ವಾಲಿಬಾಲಲ್ಲೂ ಇದೇ ಕಥೆನಾ? ಗೊತ್ತಿದ್ದವರು ಬರೀರಿ.