ಯಾವ ಮೃಗದ ವೇಷ?

ರಜೆಗೆಂದು ಬಳಗಾನೂರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ವಿಚಿತ್ರವಾದೊಂದು ಪ್ರಶ್ನೆ ತಂದ: “ಸರ್, ನಾ ಯಾವ ಪ್ರಾಣಿ ಆದ್ರ ಚಲೋರಿ?”

ಬೆಂಗಳೂರಿನಲ್ಲಿ ಅವನೂ ಗೆಳೆಯರೂ ಮೇಜಿನ ಸುತ್ತ ಕುಳಿತು ಆಡುವ ಆಟವೊಂದುಂಟಂತೆ. ಒಬ್ಬ ಕಥೆ ನಡೆಸುತ್ತಾನೆ; ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ; ಸೋಲು ಗೆಲವನ್ನು ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆ ದಾರಿ ತೆರೆಯಿತು. ಅದರ 1978ರ ನಿಯಮಪುಸ್ತಕದಲ್ಲಿ ‘ಡ್ರೂಯಿಡ್’ ಎಂಬ ವನಪೂಜಕ, ಪಳಗಿದ ಮೇಲೆ, ದಿನಕ್ಕೆ ಮೂರು ಸಲ ರೂಪ ಬದಲಿಸಬಹುದು: ಒಮ್ಮೆ ಸರೀಸೃಪ, ಒಮ್ಮೆ ಪಕ್ಷಿ, ಒಮ್ಮೆ ಸಸ್ತನಿ. ನಮ್ಮ ಹುಡುಗನಿಗೆ ಅಂಥದೇ ಪಾತ್ರ ಬಂದಿದೆ. ಹುಲಿಯಾಗಬೇಕೆಂದು ಅವನ ಆಸೆ.

ಆಸೆ ಸಹಜವೇ. ಮುದಗಲ್ಲಿನ ಮೊಹರಂಗೆ ಹೆಸರಾದ ಸೀಮೆ ನಮ್ಮದು. ಇಲ್ಲಿ ಹರಕೆ ಹೊತ್ತವರು ಮೈಗೆ ಬಣ್ಣ ಬಳಿದುಕೊಂಡು ಹಲಗೆಯ ಸದ್ದಿಗೆ ಹುಲಿಯಾಗಿ ಕುಣಿಯುವುದನ್ನು ಕಾಣದ ಮಕ್ಕಳಿಲ್ಲ. ಆದರೆ ನಮ್ಮ ಹಳೆಯ ಕಥೆಗಾರರು ರೂಪ ಆರಿಸುವಾಗ ಬಲವನ್ನಷ್ಟೇ ನೋಡಿದವರಲ್ಲ. ಕೆಲಸಕ್ಕೆ ತಕ್ಕ ರೂಪವೇ ಎಂದು ಮೊದಲು ಅಳೆದರು.

ಕನ್ನಡದಲ್ಲಿ ರಾಮಾಯಣ ಹಾಡಿದ ಕುಮಾರವಾಲ್ಮೀಕಿಯ ಇಷ್ಟದೈವ ತೊರವೆಯ ನರಸಿಂಹ. ಆ ದೇವರ ರೂಪವೇ ಅಳತೆ ನೋಡಿ ಹೊಲಿದಂಥದು. ಮನುಷ್ಯನಿಂದ ಸಾವಿಲ್ಲ, ಮೃಗದಿಂದ ಸಾವಿಲ್ಲ ಎಂದು ವರ ಪಡೆದವನಿಗೆ ಎರಡೂ ಅಲ್ಲದ ರೂಪ.

ಮಾರೀಚನದು ಇನ್ನೂ ಸ್ವಾರಸ್ಯವಾದ ಪ್ರಸಂಗ. ಅವನು ಮೃಗವಾದದ್ದು ಒಂದು ಸಲವಲ್ಲ, ಎರಡು ಸಲ. ಹೊನ್ನ ಜಿಂಕೆಯಾಗುವ ಮೊದಲೇ ಒಮ್ಮೆ ಚೂಪು ಕೊಂಬಿನ, ಮಾಂಸ ತಿನ್ನುವ ಘೋರಮೃಗವಾಗಿ ಇಬ್ಬರು ಜೊತೆಗಾರರೊಡನೆ ರಾಮನ ಮೇಲೆ ಎರಗಿದ್ದ. ಜೊತೆಗಾರರು ಸತ್ತರು, ತಾನು ಓಡಿ ಬದುಕಿದೆ ಎಂದು ವಾಲ್ಮೀಕಿಯಲ್ಲಿ ಅವನೇ ರಾವಣನಿಗೆ ಹೇಳುತ್ತಾನೆ. ಹೆದರಿಸಲು ಹೋದ ಮೃಗ ಸೋತಿತು. ಕಣ್ಸೆಳೆದ ಮೃಗ ಕೆಲಸ ಸಾಧಿಸಿತು. ಆದರೂ ಬಾಣ ತಪ್ಪಲಿಲ್ಲ.

ಇಲ್ಲಿಯೇ ಎರಡನೆಯ ಮಾತು ಬರುವುದು. ಮೃಗದ ಮೈ ತೊಟ್ಟವನಿಗೆ ಮೃಗದ ಹಣೆಬರಹವೂ ಅಂಟುತ್ತದೆ. ಮಹಾಭಾರತದ ಕಿಂದಮ ಋಷಿ ಜನರ ಕಣ್ಣಿಗೆ ನಾಚಿ, ಜಿಂಕೆಯಾಗಿ ಹೆಣ್ಣುಜಿಂಕೆಯೊಡನೆ ಕೂಡಿದ್ದ. ಬೇಟೆಗೆ ಬಂದ ಪಾಂಡುವಿಗೆ ಕಂಡದ್ದು ಜಿಂಕೆ ಮಾತ್ರ, ಸತ್ತದ್ದು ಋಷಿ. ಆ ಸಾವಿನ ಶಾಪ ಒಂದು ವಂಶದ ಕಥೆಯನ್ನೇ ತಿರುಗಿಸಿತು. ಗೆಜ್ಜೆ ಕಟ್ಟಿದ ಮೇಲೆ ಕುಣಿಯಲೇಬೇಕಲ್ಲವೆ?

ಜನ್ನನ 1209ರ ‘ಯಶೋಧರ ಚರಿತೆ’ಯಲ್ಲಿ ಆಯ್ಕೆ ಪಾತ್ರದ ಕೈಯಲ್ಲಿಯೇ ಇಲ್ಲ, ಅದು ಕರ್ಮದ್ದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರ ನವಿಲಾಗುತ್ತಾನೆ, ಅವನ ತಾಯಿ ಚಂದ್ರಮತಿ ನಾಯಾಗುತ್ತಾಳೆ. ಇವೇ ಏಕೆ? ನವಿಲನ್ನು ಅಂತಃಪುರದಿಂದ ಯಾರೂ ಅಟ್ಟರು. ನಾಯಿಗೂ ಅರಮನೆಯಲ್ಲಿ ಜಾಗವುಂಟು. ಹಾಗಾಗಿ ಸತ್ತ ರಾಜ ತನ್ನ ಮನೆಗೇ ಮರಳಿ, ಹೆಂಡತಿಯ ಜಾರನನ್ನು ಕಂಡು, ಕೊಕ್ಕಿನಿಂದ ಕುಕ್ಕಬಲ್ಲ. ಆದರೆ ಬಾಯಿಬಿಟ್ಟು ಹೇಳಲಾರ. ನವಿಲನ್ನು ಕೊಲ್ಲುವುದು ತಾಯಿಯಾಗಿದ್ದ ನಾಯಿ. ಆ ನಾಯನ್ನು ಹೊಡೆದು ಕೊಲ್ಲುವವನು ಯಶೋಧರನ ಮಗ. ಹಲವು ಜನ್ಮ ತೊಳಲಿ, ಕಡೆಗೆ ತಾಯಿಮಕ್ಕಳು ಕೋಳಿಗಳಾಗಿಯೇ ಹುಟ್ಟಿ ಬಾಣಕ್ಕೆ ಸಾಯುತ್ತಾರೆ. ಅಂದು ಬಲಿಯಾದದ್ದು ಹಿಟ್ಟಿನ ಕೋಳಿ; ಇವು ಜೀವದ ಕೋಳಿಗಳು. ಕೊಂದವರು ಕೊಲ್ಲಿಸಿಕೊಳ್ಳುವುದು ಹೇಗಿರುತ್ತದೆಂದು ಒಳಗಿನಿಂದ ಅರಿತ ಮೇಲೆಯೇ ಅವರಿಗೆ ಮತ್ತೆ ಮನುಷ್ಯಜನ್ಮ.

ಇದನ್ನೆಲ್ಲ ಹೇಳಿ, “ಹುಲಿಯನ್ನು ಎಲ್ಲಿ ನೋಡಿದ್ದೀಯಪ್ಪಾ?” ಎಂದು ಹುಡುಗನನ್ನು ಕೇಳಿದೆ. ಮೊಹರಂನ ಬಣ್ಣದಲ್ಲಿ, ಚಿತ್ರದಲ್ಲಿ, ಅಷ್ಟೆ. ಹಬ್ಬದ ಹುಲಿಗೆ ಒಂದು ಭಾಗ್ಯವಿದೆ: ಹರಕೆ ತೀರಿದ ಮೇಲೆ ಬಣ್ಣ ತೊಳೆದು ಮನೆಗೆ ಹೋಗುತ್ತದೆ. ಕಿಂದಮನಿಗೆ ಆ ಭಾಗ್ಯವಿರಲಿಲ್ಲ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ಸೀಮೆಯಾಯಿತು. ನಿಂತ ನೀರಿನಲ್ಲಿ ಬೆಳ್ಳಕ್ಕಿಗಳ ಸಾಲು ಅವನು ಹುಟ್ಟಿದಾಗಿನಿಂದ ಕಂಡ ನೋಟ. “ಹಂಗಾದ್ರ ಬೆಳ್ಳಕ್ಕಿ ಆಗ್ತೀನ್ರಿ. ಗದ್ದ್ಯಾಗ ನಿಂತ್ರ ಯಾರೂ ತಿರುಗಿ ನೋಡಂಗಿಲ್ಲ. ಎಲ್ಲಾರ ಮಾತೂ ಕೇಳಬಹುದು.”

ಬೇಹಿಗೆ ಇದಕ್ಕಿಂತ ತಕ್ಕ ರೂಪವನ್ನು ನಾನೂ ಸೂಚಿಸಲಾರೆ. “ಆಗಪ್ಪಾ. ಆದರೆ ಗದ್ದೆಗೆ ಎಣ್ಣಿ ಹೊಡೆಯುವ ದಿನ ಇಳಿಯಬೇಡ” ಎಂದೆ.

ಅವನು ನಗಲಿಲ್ಲ. ಹಕ್ಕಿಗಳು ಆ ನೀರಿನಲ್ಲಿ ಏನನ್ನು ಹೆಕ್ಕುತ್ತವೆಯೆಂದು ಮೊದಲ ಸಲ ಯೋಚಿಸುತ್ತಿದ್ದನೆಂದು ತೋರಿತು.