ಬೀಗ, ಕೀಲಿಕೈ ಮತ್ತು ಮಾವನ ಲಗ್ನಪತ್ರಿಕೆ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ಕೆಲಸ, ಕೆಲಸ ಅಂತ ನೆಪ ಹೇಳೋದೇ ಆಯ್ತು. ಇವತ್ತು ಬರೆಯೋದಕ್ಕೂ ಒಂದು ಫೋನ್ ಕರೆಯೇ ಕಾರಣ.

ದಾವಣಗೆರೆಯಲ್ಲಿ ನನ್ನ ಸೋದರಮಾವನದ್ದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿ ಬೋರ್ಡು ಇತ್ಯಾದಿ. ಮೊನ್ನೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ರು. "ಹಾರ್ಡ್ ಡಿಸ್ಕ್ ಹೋಗೋ ಹಂಗೆ ಇತ್ತು ಕಣೋ. ಹುಡುಗ ಹೊಸದಕ್ಕೆ ಎಲ್ಲಾ ಕಾಪಿ ಮಾಡ್ಕೊಟ್ಟ. ಇಲ್ಲಸ್ಟ್ರೇಟರ್ ಓಪನ್ ಆಗ್ತದೆ, ಬಾರ್ಡರ್ ಪ್ಲಗ್-ಇನ್ ಮಾತ್ರ ಲೈಸೆನ್ಸ್ ಕೇಳ್ತದೆ. ನಾನು ದುಡ್ಡು ಕೊಟ್ಟು ತಗೊಂಡಿದ್ದಲ್ಲೇನೋ?"

ಹೌದು, ದುಡ್ಡು ಕೊಟ್ಟೇ ತಗೊಂಡಿದ್ದು. ಮಾವ ಕಳ್ಳ ಸಾಫ್ಟ್‌ವೇರ್ ಹಾಕಿಕೊಳ್ಳದ ಅಪರೂಪದ ಮನುಷ್ಯ. ಆದರೆ ಪ್ಲಗ್-ಇನ್ ಮಾಡಿದ ಕಂಪನಿಯೇ ಈಗ ಇಲ್ಲ, ಅವರ ಸೈಟೂ ಇಲ್ಲ. ಲೈಸೆನ್ಸ್ ಮತ್ತೆ ಕೊಡೋರು ಯಾರು?

ನಾನು ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಮಾಡಿದ್ದು ಇದೇ ಜಾತಿಯ ಕೆಲಸ, ಅಂದರೆ ಇಲ್ಲಸ್ಟ್ರೇಟರ್‌ಗೆ ಪ್ಲಗ್-ಇನ್ ಬರೆಯೋದು. ಹಾಗಾಗಿ ಮಾವನ ಸಿಟ್ಟು ನನಗೆ ಸ್ವಲ್ಪ ಚುಚ್ಚಿತು. ಈ ಬೀಗದ ವ್ಯವಹಾರ ಶುರುವಾಗಿದ್ದು ಎಲ್ಲಿಂದ ಅಂತ ಹೇಳ್ತೀನಿ, ಕೇಳಿ.

ಇಲ್ಲಸ್ಟ್ರೇಟರ್ ಬಂದಿದ್ದು 1987ರಲ್ಲಿ, ಮೊದಲು ಮ್ಯಾಕಿಂಟಾಷ್‌ಗೆ ಮಾತ್ರ. ಅಡೋಬಿಯವರ ಪೋಸ್ಟ್‌ಸ್ಕ್ರಿಪ್ಟ್ ಆಗಲೇ ಲೇಸರ್ ಪ್ರಿಂಟರಿನ ಒಳಗೆ ಕೂತಿತ್ತು. ಆದರೆ ಪೋಸ್ಟ್‌ಸ್ಕ್ರಿಪ್ಟಿನಲ್ಲಿ ಚಿತ್ರ ಬೇಕಂದ್ರೆ ಪ್ರೋಗ್ರಾಮ್ ಬರೆಯಬೇಕು. ಚಿತ್ರಕಾರರು ಯಾಕೆ ಬರೀತಾರೆ? ಅವರು ಗೆರೆ ಎಳೆದರೆ ಪ್ರೋಗ್ರಾಮನ್ನು ತಾನೇ ಬರೆದುಕೊಳ್ಳುವ ತಂತ್ರಾಂಶವೇ ಇಲ್ಲಸ್ಟ್ರೇಟರ್. ಮರುವರ್ಷ ಫ್ರೀಹ್ಯಾಂಡ್, 1989ರಲ್ಲಿ ಕೋರೆಲ್‌ಡ್ರಾ ಬಂದವು. ನಮ್ಮೂರುಗಳ ಪ್ರೆಸ್ಸುಗಳನ್ನು ಗೆದ್ದಿದ್ದು ಕೋರೆಲ್ ಅನ್ನೋದು ನಿಮಗೂ ಗೊತ್ತು.

ಒಂದೇ ಕಂಪನಿ ಎಲ್ಲರಿಗೂ ಬೇಕಾದ್ದೆಲ್ಲ ಮಾಡಿಕೊಡೋಕೆ ಆಗಲ್ಲ. ನಕ್ಷೆ ಬರೆಯೋನಿಗೆ ಒಂದು ಬೇಕು, ರಟ್ಟಿನ ಡಬ್ಬಿ ಮಾಡೋನಿಗೆ ಇನ್ನೊಂದು. ಹೊರಗಿನವರೂ ಬಂದು ಸೇರಿಸಲಿ ಅಂತ ಬಾಗಿಲು ಇಟ್ಟವರಲ್ಲಿ ಸಿಲಿಕಾನ್ ಬೀಚ್ ಎಂಬ ಕಂಪನಿ ಮೊದಲಿಗರ ಸಾಲಿನಲ್ಲಿದೆ. 1988ರಲ್ಲೇ ಅವರ ಡಿಜಿಟಲ್ ಡಾರ್ಕ್‌ರೂಮ್, ಸೂಪರ್‌ಪೇಂಟ್‌ಗಳಿಗೆ ಪ್ಲಗ್-ಇನ್ ಹಾಕಬಹುದಿತ್ತು. ಫೋಟೋಶಾಪ್ 1990ರಲ್ಲಿ ಪ್ಲಗ್-ಇನ್ ಸಮೇತವೇ ಹುಟ್ಟಿತು. ಇಲ್ಲಸ್ಟ್ರೇಟರ್ ಸ್ವಲ್ಪ ತಡವಾಗಿ ಅದೇ ದಾರಿ ಹಿಡಿಯಿತು. ಎಷ್ಟರ ಮಟ್ಟಿಗೆ ಅಂದ್ರೆ, ನಾವು ದಿನಾ ಬಳಸುವ ಪಾತ್‌ಫೈಂಡರ್ ಕೂಡ ಒಂದು ಪ್ಲಗ್-ಇನ್ ಕಡತವೇ! ಪ್ಲಗ್-ಇನ್ಸ್ ಫೋಲ್ಡರ್ ತೆರೆದು ನೋಡಿ, ಎಐಪಿ ಅಂತ ಕೊನೆಯಾಗುವ ಕಡತಗಳ ಜಾತ್ರೆಯೇ ಇರುತ್ತೆ. ವಿಂಡೋಸಿನಲ್ಲಿ ಅದು ಹೆಸರು ಬದಲಿಸಿಕೊಂಡ ಡಿಎಲ್ಎಲ್, ಅಷ್ಟೆ.

(ಅಡೋಬಿಯ ಕೆಲವು ಹೆಡರ್ ಕಡತಗಳ ಹೆಸರುಗಳು ಎಸ್‌ಪಿ ಅಂತ ಶುರುವಾಗ್ತವೆ. ಯಾಕೋ ಅಂತ ತಲೆ ಕೆರೆದುಕೊಂಡಿದ್ದೆ. ಆ ಪ್ಲಗ್-ಇನ್ ವ್ಯವಸ್ಥೆಯ ಹಳೇ ಹೆಸರು 'ಸ್ವೀಟ್ ಪೀ' ಅಂತೆ, ಹೂವಿನ ಹೆಸರಿನ ಮೇಲೆ ಶ್ಲೇಷೆ. ನಮ್ಮ ಜಾತಿಯವರ ಹಾಸ್ಯ ಹೀಗೇ :-) )

ಇನ್ಸ್ಟಾಲ್ ಮಾಡೋದು ಅಂದ್ರೆ ಆ ಫೋಲ್ಡರಿಗೆ ಒಂದು ಕಡತ ಹಾಕಿ ಇಲ್ಲಸ್ಟ್ರೇಟರನ್ನು ಮುಚ್ಚಿ ತೆರೆಯೋದು. ಇಷ್ಟು ಸುಲಭದ ಕೆಲಸದಲ್ಲಿ ನಾನು ಒಂದಿಡೀ ವಾರ ಕಳೆದಿದ್ದೇನೆ. ಗ್ರಾಹಕರ ಮಷೀನಿನಲ್ಲಿ 'ಪ್ಲಗ್-ಇನ್ ಲೋಡ್ ಮಾಡುವಲ್ಲಿ ದೋಷ' ಅನ್ನೋ ಸಂದೇಶ, ಕೆಳಗೆ ನಮ್ಮ ಕಡತದ ಹೆಸರು. ಕಾರಣ ಮಾತ್ರ ಇಲ್ಲ. ನನ್ನ ಮಷೀನಿನಲ್ಲಿ ಸರಿಯಾಗೇ ಓಡ್ತಿದೆ! ಪ್ರಿಫರೆನ್ಸ್ ಅಳಿಸಿದ್ದಾಯ್ತು (ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರೂ ಒತ್ತಿ ಹಿಡಿದರೆ ಹೋಗುತ್ತೆ). ಬೇರೆ ಪ್ಲಗ್-ಇನ್ ಜೊತೆ ಜಗಳ ಇರಬಹುದು ಅಂತ ಅರ್ಧರ್ಧ ಹೊರಗೆ ತೆಗೆದು ನೋಡಿದ್ದಾಯ್ತು. ಕೊನೆಗೆ ಡಿಪೆಂಡೆನ್ಸಿ ವಾಕರ್‌ನಲ್ಲಿ ತೆರೆದರೆ ಗುಟ್ಟು ಬಯಲು. ನಾನು ಕಳಿಸಿದ್ದು ಡಿಬಗ್ ಬಿಲ್ಡ್. ಅದಕ್ಕೆ ಬೇಕಾದ ವಿಷುಯಲ್ ಸಿ++ನ ಡಿಬಗ್ ಲೈಬ್ರರಿ ಇರೋದು ಪ್ರೋಗ್ರಾಮರುಗಳ ಮಷೀನಿನಲ್ಲಿ ಮಾತ್ರ. ಮ್ಯಾನೇಜರ್ ಏನೂ ಅನ್ನಲಿಲ್ಲ, ಸುಮ್ಮನೆ ನೋಡಿದ್ರು. ಬೈದಿದ್ರೇ ಚೆನ್ನಾಗಿತ್ತು.

ಇನ್ನು ಲೈಸೆನ್ಸಿನ ಕಥೆ. ಕಥೆಯ ರುಚಿ ಇರೋದೇ ಇಲ್ಲಿ.

ತಂತ್ರಾಂಶಕ್ಕೆ ಡಾಂಗಲ್ ಕಟ್ಟಿದ ಮೊದಲಿಗರು ವರ್ಡ್‌ಕ್ರಾಫ್ಟ್ ಎಂಬ ವರ್ಡ್ ಪ್ರೊಸೆಸರ್ ಮಾಡಿದವರು, 1980ರಲ್ಲಿ. ಕಮೊಡೋರ್ ಪೆಟ್ ಗಣಕದ ಕ್ಯಾಸೆಟ್ ಪೋರ್ಟಿಗೆ ಅದನ್ನು ಸಿಕ್ಕಿಸಬೇಕಿತ್ತು. 1992ರಲ್ಲಿ ರೇನ್‌ಬೋ ಟೆಕ್ನಾಲಜೀಸ್ ಅನ್ನುವ ಡಾಂಗಲ್ ಕಂಪನಿ, ಡಾನ್ ಗಾಲ್ ಎಂಬಾತ ಇದನ್ನು ಕಂಡುಹಿಡಿದಿದ್ದರಿಂದ ಆ ಹೆಸರು ಬಂತು ಅಂತ ಜಾಹೀರಾತು ಹಾಕಿತ್ತು. ಶುದ್ಧ ಸುಳ್ಳು, ಆದ್ರೂ ಈಗಲೂ ನಂಬುವವರಿದ್ದಾರೆ.

ಮಾವನ ಅಂಗಡಿಯಲ್ಲೂ ಒಂದು ಡಾಂಗಲ್ ಇತ್ತು, ಕನ್ನಡ ಅಕ್ಷರಗಳ ತಂತ್ರಾಂಶದ್ದು. ಪ್ಯಾರಲಲ್ ಪೋರ್ಟಿಗೆ ಡಾಂಗಲ್, ಡಾಂಗಲ್‌ನ ಬೆನ್ನಿಗೆ ಪ್ರಿಂಟರ್ ವೈರು. ರಾತ್ರಿ ಬಾಗಿಲು ಹಾಕುವಾಗ ಮಾವ ಅದನ್ನು ಬಿಚ್ಚಿ ಗಲ್ಲಾಪೆಟ್ಟಿಗೆಯಲ್ಲಿ ನೋಟಿನ ಜೊತೆ ಇಡ್ತಿದ್ರು. ನಾನು ಚಿಕ್ಕವನು, ಆಟದ ಸಾಮಾನು ಅಂತ ಒಮ್ಮೆ ಜೇಬಿಗೆ ಹಾಕಿಕೊಂಡು ಮನೆಗೆ ಬಂದಿದ್ದೆ. ಆವತ್ತು ಮಧ್ಯಾಹ್ನದವರೆಗೆ ಅಂಗಡಿಯಲ್ಲಿ ಒಂದು ಅಕ್ಷರ ಕನ್ನಡ ಮೂಡಲಿಲ್ಲ. ಹೊಸ ಗಣಕಗಳಲ್ಲಿ ಆ ಪೋರ್ಟೇ ಇಲ್ಲ. ಅದೊಂದಕ್ಕಾಗಿ ಒಂದು ಎಕ್ಸ್‌ಪಿ ಮಷೀನನ್ನು ಮಾವ ಇನ್ನೂ ಜೋಪಾನ ಮಾಡಿದ್ದಾರೆ.

ದೊಡ್ಡ ಕಚೇರಿಗಳಿಗೆ ಬೇರೆ ಥರ. 1988ರಲ್ಲಿ ಫ್ಲೆಕ್ಸ್‌ಎಲ್ಎಂ ಬಂತು. ಹತ್ತು ಲೈಸೆನ್ಸ್ ಕೊಂಡರೆ ಕಚೇರಿಯ ಸರ್ವರ್ ಅವನ್ನು ಲೈಬ್ರರಿ ಪುಸ್ತಕದ ಹಾಗೆ ಕೊಟ್ಟು ವಾಪಸ್ ತಗೊಳ್ಳುತ್ತೆ. ಹನ್ನೊಂದನೆಯವನು ಕಾಯಬೇಕು. ಲೈಸೆನ್ಸ್ ಕಡತದಲ್ಲಿ ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡಿನ ಸಂಖ್ಯೆ ಬರೆದಿರುತ್ತೆ. ಕಾರ್ಡ್ ಸುಟ್ಟರೆ ಲೈಸೆನ್ಸೂ ಸುಟ್ಟಿತು. ನಮ್ಮ ಪ್ಲಗ್-ಇನ್ನಿಗೂ ಇದೇ ಬೀಗ. ಸಪೋರ್ಟಿಗೆ ಬರುತ್ತಿದ್ದ ಪತ್ರಗಳಲ್ಲಿ ಬಹುಪಾಲು ಬೀಗದವೇ. ಚಿತ್ರ ಬರೆಯುವ ಭಾಗದಲ್ಲಿ ಇಷ್ಟು ತೊಂದರೆ ಇರಲಿಲ್ಲ.

ಆಮೇಲೆ ಬಂದಿದ್ದು ಅಂತರ್ಜಾಲದ ಆಕ್ಟಿವೇಶನ್. ನಿಮ್ಮ ಮಷೀನಿನ ಗುರುತನ್ನು ಕಂಪನಿಯ ಸರ್ವರಿಗೆ ಕಳಿಸಿ 'ಹೂಂ' ಅನ್ನಿಸಿಕೊಳ್ಳಬೇಕು. ಆ ಸರ್ವರನ್ನೇ ಆರಿಸಿದರೆ? 2012ರ ಡಿಸೆಂಬರಿನಲ್ಲಿ ಅಡೋಬಿ ಸಿಎಸ್2ರ ಆಕ್ಟಿವೇಶನ್ ಸರ್ವರುಗಳನ್ನು ನಿಲ್ಲಿಸಿತು. ಹಳೇ ಗ್ರಾಹಕರು ಬೀದಿಗೆ ಬೀಳಬಾರದು ಅಂತ ಆಕ್ಟಿವೇಶನ್ ಬೇಡದ ಪ್ರತಿಯನ್ನೂ ಸೀರಿಯಲ್ ನಂಬರನ್ನೂ ತಮ್ಮ ಸೈಟಿನಲ್ಲೇ ಇಟ್ಟರು. ಪುಕ್ಕಟೆ ಅಂದುಕೊಂಡು ಜನ ಮುಗಿಬಿದ್ದರು, ಕಂಪನಿ 'ಅಲ್ಲಪ್ಪಾ, ಕೊಂಡವರಿಗೆ ಮಾತ್ರ' ಅಂತ ಬಡಕೊಂಡಿತು. ನಗು ಬಂದರೂ ಅವರು ಮಾಡಿದ್ದು ಮರ್ಯಾದಸ್ಥರ ಕೆಲಸ ಅಂತಲೇ ನನ್ನ ಲೆಕ್ಕ. ಮಾವನ ಪ್ಲಗ್-ಇನ್ನಿನವರು ಹೋಗುವಾಗ ಅಷ್ಟನ್ನೂ ಮಾಡಲಿಲ್ಲ.

ಸಣ್ಣ ಕಂಪನಿಗಳ ಕಷ್ಟವೂ ಸಣ್ಣದಲ್ಲ. ಆಪಲ್ 2006ರಲ್ಲಿ ಇಂಟೆಲ್‌ಗೆ ಹಾರಿತು. 2012ರ ಸಿಎಸ್6ನಲ್ಲಿ ಇಲ್ಲಸ್ಟ್ರೇಟರ್ 64-ಬಿಟ್ ಆಯಿತು, 32-ಬಿಟ್ ಪ್ಲಗ್-ಇನ್ ಅದರೊಳಗೆ ಕೂರಲ್ಲ. 2021ರಲ್ಲಿ ಆಪಲ್‌ನ ಸ್ವಂತ ಚಿಪ್ಪಿಗೆ ಮತ್ತೊಮ್ಮೆ. ಪ್ರತಿ ಸಲವೂ ಪ್ಲಗ್-ಇನ್ ಬರೆದವನು ಮತ್ತೆ ಕಟ್ಟಬೇಕು. ಇಬ್ಬರು ಮೂವರ ಕಂಪನಿ ಎಷ್ಟು ಸಲ ತಾನೇ ಏಳುತ್ತೆ?

ಇಂಕ್‌ಸ್ಕೇಪ್‌ನಲ್ಲೂ ಎಲ್ಲಾ ಸುಗಮ ಅಂತಲ್ಲ. 2020ರ ಮೇನಲ್ಲಿ 1.0 ಬಂದಾಗ ಹಳೇ ಪೈಥಾನಿನ ಎಕ್ಸ್‌ಟೆನ್ಶನ್ನುಗಳು ಸಾಲಾಗಿ ಮಲಗಿದವು. ಆದರೆ ಅವು ಓದಬಹುದಾದ ಪಠ್ಯ ಕಡತಗಳು. ನನಗೆ ಬೇಕಿದ್ದ ಒಂದನ್ನು ಒಂದು ಸಂಜೆ ಕೂತು ನಾನೇ ಸರಿ ಮಾಡಿಕೊಂಡೆ, ಯಾರ ಅನುಮತಿಯೂ ಬೇಕಾಗಲಿಲ್ಲ.

ಮಾವನ ವಿಷಯಕ್ಕೆ ಬರ್ತೀನಿ. ದೂರದಿಂದಲೇ ಅವರ ಮಷೀನಿಗೆ ಹೊಕ್ಕು ನೋಡಿದೆ. ಪ್ಲಗ್-ಇನ್ ಹಾರ್ಡ್ ಡಿಸ್ಕಿನ ಸಂಖ್ಯೆಯನ್ನು ಗುರುತು ಇಟ್ಟುಕೊಂಡಿತ್ತು. ಎಲ್ಲಾ ಕಾಪಿಯಾದರೂ ಆ ಸಂಖ್ಯೆ ಕಾಪಿಯಾಗಲ್ಲವಲ್ಲ. ಬೀಗ ಒಡೆಯೋಕೆ ನನಗೆ ಮನಸ್ಸಾಗಲಿಲ್ಲ. ಮಾವನಿಗೂ ಬೇಡವಾಗಿತ್ತು. "ಪ್ಲಗ್-ಇನ್ ಹೋದ್ರೆ ಹೋಗ್ಲಿ ಬಿಡೋ, ಹತ್ತು ವರ್ಷದ ಡಿಸೈನ್ ನನ್ನದು, ಅದು ಬೇಕು" ಅಂದ್ರು.

ಉಪಾಯ ಹಳೇದರಲ್ಲೇ ಇತ್ತು. 2000ದ ಒಂಬತ್ತನೇ ಆವೃತ್ತಿಯಿಂದ ಇಲ್ಲಸ್ಟ್ರೇಟರಿನ ಕಡತದ ಒಳಗೆ ಒಂದು ಪಿಡಿಎಫ್ ಇರುತ್ತೆ, ಉಳಿಸುವಾಗ ಆ ಗುರುತು ತೆಗೆಯದಿದ್ದರೆ. ಪಿಡಿಎಫ್‌ಗೆ ಪ್ಲಗ್-ಇನ್ ಗಿಗ್-ಇನ್ ಗೊತ್ತಿಲ್ಲ, ಅಲ್ಲಿರೋದು ಕೊನೆಗೆ ಮೂಡಿದ ಗೆರೆಗಳು ಮಾತ್ರ. ಇಂಕ್‌ಸ್ಕೇಪ್ ಹಾಕಿ ಒಂದು ಕಡತ ತೆರೆದೆ. ಬಾರ್ಡರ್ ಬಂತು! ಬಳ್ಳಿ, ಮಾವಿನಕಾಯಿ ಬುಟ್ಟಾ, ಎಲ್ಲಾ ಬಿಡಿ ಬಿಡಿ ಗೆರೆಗಳಾಗಿ. ಒಂದು ನಂಬರ್ ಬದಲಿಸಿದರೆ ಇಡೀ ಬಳ್ಳಿ ಬೆಳೆಯೋ ಸುಖ ಇನ್ನಿಲ್ಲ, ಆದರೆ ಕೈಯಲ್ಲಿ ತಿದ್ದಬಹುದು. ಅಕ್ಷರಗಳು ಮಾತ್ರ ಇಂಗ್ಲಿಷಿನ ಕಲಸುಮೇಲೋಗರ. ಹಳೇ ಆಸ್ಕಿ ಕನ್ನಡ ಫಾಂಟುಗಳಲ್ಲಿ ಕನ್ನಡ ಕೂತಿರೋದು ಇಂಗ್ಲಿಷಿನ ಜಾಗದಲ್ಲೇ ಅಲ್ವಾ? ಫಾಂಟ್ ಕೊಟ್ಟ ಮೇಲೆ 'ಶ್ರೀ ಗುರುಭ್ಯೋ ನಮಃ' ಸರಿಯಾಗಿ ಕಾಣಿಸಿತು.

ಒಂದಿಪ್ಪತ್ತು ಕಡತ ಮುಗಿದಿವೆ. ಕೆಲವದರಲ್ಲಿ ಪಿಡಿಎಫ್ ಇಲ್ಲ, ತೆರೆದರೆ ಪಿಡಿಎಫ್ ಇಲ್ಲದೆ ಉಳಿಸಲಾಗಿದೆ ಅನ್ನೋ ಇಂಗ್ಲಿಷ್ ಸಾಲು ಮಾತ್ರ ಬರುತ್ತೆ. ಅವನ್ನು ಮಾವನ ಇಲ್ಲಸ್ಟ್ರೇಟರಿನಲ್ಲೇ ಒಂದೊಂದಾಗಿ ನೋಡಬೇಕು. ಮುಂದಿನ ಶನಿವಾರ ದಾವಣಗೆರೆ ಬಸ್ ಹತ್ತುತ್ತಿದ್ದೇನೆ. ಬೆಣ್ಣೆದೋಸೆ ಮಾವನ ಲೆಕ್ಕದಲ್ಲಿ :-)