ತೀವ್ರಗಾಮಿಗಳೆಲ್ಲ ಪಿಸ್ತೂಲು ಹಿಡಿಯಲಿಲ್ಲ

ಪುಣೆಯ ಗಣೇಶಖಿಂಡ್ ರಸ್ತೆಯಲ್ಲಿ ದಿನಾ ಓಡಾಡುವ ನಮ್ಮ ಕನ್ನಡದವರಲ್ಲಿ ಎಷ್ಟು ಜನರಿಗೆ ಅಲ್ಲಿ 1897ರ ಜೂನ್ 22ರ ರಾತ್ರಿ ಏನು ನಡೆಯಿತೆಂದು ಗೊತ್ತಿದೆಯೋ! ವಿಕ್ಟೋರಿಯಾ ರಾಣಿ ಪಟ್ಟಕ್ಕೇರಿ ಅರವತ್ತು ವರ್ಷ ತುಂಬಿದ ಸಂಭ್ರಮ. ಗವರ್ನರ್ ಬಂಗಲೆಯಲ್ಲಿ (ಈಗ ಅದು ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ) ಔತಣ ಮುಗಿಸಿ ಹೊರಟ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಸಾರೋಟು ಹತ್ತಿ ದಾಮೋದರ ಚಾಪೇಕರ್ ಗುಂಡು ಹಾರಿಸಿದ. ಇನ್ನೊಂದು ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟ್, ತಮ್ಮ ಬಾಲಕೃಷ್ಣನ ಗುಂಡಿಗೆ ಅಲ್ಲೇ ಸತ್ತ. ರ‍್ಯಾಂಡ್ ಜುಲೈ 3ರಂದು ತೀರಿಕೊಂಡ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಪ್ಲೇಗ್ ಹುಡುಕುವ ನೆಪದಲ್ಲಿ ಗೋರಾ ಸಿಪಾಯಿಗಳು ಅಡುಗೆಮನೆ, ದೇವರಮನೆ ಅನ್ನದೆ ನುಗ್ಗುತ್ತಿದ್ದರು, ಸಾಮಾನು ಸುಡುತ್ತಿದ್ದರು. ಸಿಟ್ಟು ಊರಿಗೆಲ್ಲ ಬಂದಿತ್ತು. ಆದರೆ ಊರೆಲ್ಲ ಪಿಸ್ತೂಲು ಹಿಡಿಯಲಿಲ್ಲವಲ್ಲ? ನನ್ನನ್ನು ಕಾಡುವ ಪ್ರಶ್ನೆ ಇದು. ಉಗ್ರವಾಗಿ ಮಾತಾಡುವವನು ಒಂದಲ್ಲ ಒಂದು ದಿನ ಬಂದೂಕು ಎತ್ತೇ ಎತ್ತುತ್ತಾನೆ ಎಂದು ನಮ್ಮ ಬ್ಯಾಂಕಿನ ಕ್ಯಾಂಟೀನಿನಲ್ಲಿ ವಾದಿಸುವವರಿದ್ದಾರೆ. ನಾನು ಬರೀ ಬಿ.ಕಾಂ., ಇತಿಹಾಸಕಾರನಲ್ಲ. ಆದರೂ ಪುಣೆಯ ಲೆಕ್ಕ ಹಾಗೆ ತಾಳೆಯಾಗುವುದಿಲ್ಲ.

ತಿಲಕರನ್ನೇ ನೋಡಿ. ಮುಂದೆ 1907ರಲ್ಲಿ ಸೂರತ್‌ನಲ್ಲಿ ಕಾಂಗ್ರೆಸ್ ಒಡೆದಾಗ ತೀವ್ರಗಾಮಿಗಳ ಮುಂದಾಳು ಅವರೇ. ಜಾತಿ ಕಾರಣ ಅನ್ನೋಣವೆಂದರೆ ಚಾಪೇಕರರೂ ಚಿತ್ಪಾವನರು, ತಿಲಕರೂ ಚಿತ್ಪಾವನರು, ಮಂದಗಾಮಿ ಗೋಖಲೆಯವರೂ ಅವರೇ. ಕೊಲೆಗೆ ಒಂದು ವಾರ ಮುಂಚೆ, ಜೂನ್ 15ರ 'ಕೇಸರಿ'ಯಲ್ಲಿ ಶಿವಾಜಿ ಅಫ್ಜಲಖಾನನನ್ನು ಕೊಂದದ್ದನ್ನು ಸಮರ್ಥಿಸುವ ಮಾತುಗಳು ಬಂದಿದ್ದವು. ಅದಕ್ಕೇ ರಾಜದ್ರೋಹದ ಕೇಸು, ಹದಿನೆಂಟು ತಿಂಗಳ ಶಿಕ್ಷೆ. ಆ ಮಾತು ಚಾಪೇಕರರ ಕಿವಿಗೂ ಬಿದ್ದಿರಬಹುದು. ಆದರೆ 'ಕೇಸರಿ' ಓದುವವರು ಸಾವಿರಾರು, ಪಿಸ್ತೂಲು ಹುಡುಕಿದವರು ಬೆರಳೆಣಿಕೆ.

ತಿಲಕರಿಗೆ ಕೈತುಂಬ ಕೆಲಸವಿತ್ತು ಅನ್ನುವುದು ನನ್ನ ಸಮಾಧಾನ. ಪತ್ರಿಕೆ ನಡೆಸಬೇಕು, 1893ರಿಂದ ಸಾರ್ವಜನಿಕ ಗಣೇಶೋತ್ಸವ, ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವ ಬೇರೆ. ಪ್ಲೇಗ್ ಬಂದಾಗ ಎಷ್ಟೋ ಮುಖಂಡರು ಊರು ಬಿಟ್ಟರೆ ಇವರು ಉಳಿದು ಹಿಂದೂ ಪ್ಲೇಗ್ ಆಸ್ಪತ್ರೆ ತೆರೆದರು. ಸಿಟ್ಟಿಗೆ ದಿನಾ ಖರ್ಚಿನ ದಾರಿಯಿತ್ತು, ಉತ್ತರ ಕೊಡಬೇಕಾದ ದೊಡ್ಡ ಜನಸಮುದಾಯವೂ ಇತ್ತು.

ಚಾಪೇಕರರಿಗೆ ಇದ್ದದ್ದು ಏನು? ಚಿಂಚವಡದ ಕೀರ್ತನಕಾರರ ಮಕ್ಕಳು. ದಾಮೋದರನಿಗೆ ಸೈನ್ಯ ಸೇರುವ ಆಸೆ, ಅದು ಕೈಗೂಡಲಿಲ್ಲ. ಕಾಂಗ್ರೆಸ್ಸಿನ ಭಾಷಣ ಎಂದರೆ ತಾತ್ಸಾರ. ಒಂದಿಷ್ಟು ಹುಡುಗರ ವ್ಯಾಯಾಮದ ಗುಂಪು, ಅದೇ ಅವರ ಪ್ರಪಂಚ. ಮೊದಲು ಸುಧಾರಕರಿಗೆ ಹೊಡೆತ, ಆಮೇಲೆ ಮುಂಬಯಿಯಲ್ಲಿ ವಿಕ್ಟೋರಿಯಾ ಪ್ರತಿಮೆಗೆ ಡಾಂಬರು, ಚಪ್ಪಲಿ ಹಾರ... ಸಿಕ್ಕಿಬೀಳಲಿಲ್ಲ, ಧೈರ್ಯ ಬೆಳೆಯಿತು. ಬೇಡ ಕಣೋ ಎನ್ನಲು ಆ ಗುಂಪಿನಲ್ಲಿ ಹಿರಿಯರೊಬ್ಬರಿರಲಿಲ್ಲ.

ಸರ್ಕಾರ ಇಟ್ಟ ಬಹುಮಾನ 20,000 ರೂಪಾಯಿ. ಆ ಕಾಲಕ್ಕೆ ಎಷ್ಟಾಯಿತು ಎಂದು ಬ್ಯಾಂಕಿನವನಾಗಿ ನಾನು ಯೋಚಿಸುತ್ತಲೇ ಇರುತ್ತೇನೆ! ಸುಳಿವು ಕೊಟ್ಟ ದ್ರಾವಿಡ್ ಸಹೋದರರನ್ನು 1899ರ ಫೆಬ್ರವರಿಯಲ್ಲಿ ಮೂರನೆಯ ತಮ್ಮ ವಾಸುದೇವ ಮತ್ತು ಗೆಳೆಯ ಮಹಾದೇವ ರಾನಡೆ ಕೊಂದರು. ಅಷ್ಟು ಹೊತ್ತಿಗೆ ಅಣ್ಣನಿಗೆ ಗಲ್ಲಾಗಿತ್ತು. ನನ್ನ ಕಣ್ಣಿಗೆ ಅದು ರಾಜಕೀಯಕ್ಕಿಂತ ಮನೆಯ ಸೇಡಿನಂತೆಯೇ ಕಾಣುತ್ತದೆ. ಆ ಮೇನಲ್ಲಿ ಉಳಿದ ಇಬ್ಬರು ಅಣ್ಣತಮ್ಮಂದಿರೂ ರಾನಡೆಯೂ ನೇಣಿಗೇರಿದರು. ಒಂದೇ ಮನೆಯ ಮೂವರು! ಆ ತಾಯಿಯನ್ನು ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ.

ಸರ್ಕಾರದ ಪಾಲೂ ಇದೆ ಅನ್ನಿ. 1908ರಲ್ಲಿ ತಿಲಕರನ್ನು ಆರು ವರ್ಷ ಮಂಡಾಲೆಗೆ ಕಳಿಸಿ ಮಾತಿನ ಬಾಗಿಲು ಮುಚ್ಚಿದರು. ಮರುವರ್ಷವೇ ನಾಸಿಕದಲ್ಲಿ ಅನಂತ ಕಾನ್ಹೇರೆ ಕಲೆಕ್ಟರ್ ಜಾಕ್ಸನ್‌ನನ್ನು ಗುಂಡಿಕ್ಕಿ ಕೊಂದ.

ಜೈಲಿನಿಂದ ಬಂದ ತಿಲಕರು ಆಗಲೂ ಪಿಸ್ತೂಲಿನ ಕಡೆ ಹೋಗಲಿಲ್ಲ. 1916ರ ಏಪ್ರಿಲ್‌ನಲ್ಲಿ ಹೋಮ್ ರೂಲ್ ಲೀಗ್ ಶುರು ಮಾಡಿದ್ದು ಪುಣೆಯಲ್ಲಲ್ಲ, ನಮ್ಮ ಬೆಳಗಾವಿಯಲ್ಲಿ. ಅಲ್ಲಿ ಅವರ ಬಲಗೈಯಂತಿದ್ದವರು ಗಂಗಾಧರರಾವ್ ದೇಶಪಾಂಡೆ, ಅವರೂ ಪಕ್ಕಾ ತೀವ್ರಗಾಮಿ. ಮುಂದೆ ಖಾದಿ ಹಿಡಿದು, 1924ರಲ್ಲಿ ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಕಾಂಗ್ರೆಸ್ ಅಧಿವೇಶನವನ್ನು ಬೆಳಗಾವಿಯಲ್ಲಿ ಮುಂದೆ ನಿಂತು ನಡೆಸಿಕೊಟ್ಟವರೂ ಅವರೇ.